ದಿನಕ್ಕೆರಡಾಣೆಯ ಕಾವಲು

ಕಾಪು ಪೇಟೆಯಲ್ಲಿ ನಮ್ಮ ತಂದೆಯ ಅಂಗಡಿಗೆ ಪಿಗ್ಮಿಯವರು ಬರುತ್ತಿದ್ದುದು ಸಂಜೆ ಆರರ ಹೊತ್ತಿಗೆ. ಜಡಿಮಳೆ ಇರಲಿ, ಊರಲ್ಲಿ ಕೋಲ ಇರಲಿ, ಗಿರಾಕಿಗಳ ಗಲಾಟೆ ಇರಲಿ, ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಬಂದು ನಿಲ್ಲುತ್ತಿದ್ದರು. ಕೊಟ್ಟಷ್ಟನ್ನು ಎಣಿಸಿ, ಪುಸ್ತಕದಲ್ಲಿ ಒಂದು ಸಾಲು ಬರೆದು ಹೊರಡುತ್ತಿದ್ದರು. "ಇವತ್ತು ವ್ಯಾಪಾರವೇ ಇಲ್ಲ ಮಾರಾಯ್ರೆ" ಎಂದು ತಂದೆ ಹೇಳಿದರೆ "ಅಡ್ಡಿಲ್ಲ, ನಾಳೆ ಬರ್ತೇನೆ" ಎನ್ನುವರು. ನಾಳೆ ಬರುವರು ಕೂಡ. ಅವರು ಬಾರದ ಒಂದು ಸಂಜೆ ತಂದೆ ಏಳು ಗಂಟೆಗೆ ಅಂಗಡಿಯ ಹೊರಗೆ ಬಂದು ರಸ್ತೆ ನೋಡಿದ್ದು ನನಗೆ ಈಗಲೂ ನೆನಪಿದೆ. ದುಡ್ಡಿನ ಚಿಂತೆಯಿಂದಲ್ಲ, ದಿನಾ ಬರುವವರು ಬರಲಿಲ್ಲವೆಂದರೆ ಏನೋ ಆಗಿರಬೇಕು ಎಂಬ ಲೆಕ್ಕದಿಂದ.

ಕಂಪ್ಯೂಟರ್ ಕಾಯುವ ಕೆಲಸಕ್ಕೆ ಬಂದ ಮೇಲೆ ನಾನು ಕಲಿತದ್ದರಲ್ಲಿ ಅರ್ಧ ಆ ಸಂಜೆಯ ಪಾಠವೇ.

ಪಿಗ್ಮಿ ಎಂಬ ಈ ದಿನದ ಉಳಿತಾಯ ಹುಟ್ಟಿದ್ದು ನಮ್ಮ ಉಡುಪಿಯಲ್ಲಿ. 1925ರಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಲ್ಲರೆಯನ್ನೂ ಸಂಗ್ರಹಿಸತೊಡಗಿತು. ಬ್ಯಾಂಕಿನ ಕೇಂದ್ರ ಕಚೇರಿ ಮುಂದೆ ಮಣಿಪಾಲಕ್ಕೆ ಬಂತು. 2020ರ ಏಪ್ರಿಲ್ 1ರಂದು ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ಸೇರಿ ಹೋಯಿತು. ಎರಡಾಣೆಯ ಆ ಬುದ್ಧಿ ಮಾತ್ರ ಎಲ್ಲಿಗೂ ಹೋಗಿಲ್ಲ. ಮಣಿಪಾಲದ ಟೈಗರ್ ಸರ್ಕಲ್‌ನ ಸುತ್ತ ಇರುವ ಆಸ್ಪತ್ರೆ, ಕಾಲೇಜು, ಪ್ರೆಸ್ಸು, ಸಾಫ್ಟ್‌ವೇರ್ ಕಚೇರಿಗಳ ಹಿಂಬದಿಯ ಏಸಿ ಕೋಣೆಗಳಲ್ಲಿ ಅದು ಬೇರೆ ರೂಪದಲ್ಲಿ ನಡೆಯುತ್ತಿದೆ. ಅಲ್ಲಿ ಪಿಗ್ಮಿಯವರ ಹೆಸರು ಕ್ರಾನ್.

ಕ್ರಾನ್ ಎಂದರೆ ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಹಿನ್ನೆಲೆಯಲ್ಲಿ ಕೂತಿರುವ ಒಬ್ಬ ಆಳು. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಈ ಕೆಲಸ ಮಾಡು ಎಂದು ಪಟ್ಟಿಯಲ್ಲಿ ಬರೆದಿಟ್ಟರೆ ಮಾಡುತ್ತಾನೆ. ಅವನ ಕೈಗೆ ಕೊಡುವ ಕೆಲಸದ ಚೀಟಿಯೇ ಸ್ಕ್ರಿಪ್ಟ್: ಕಪ್ಪು ಪರದೆಯ ಮೇಲೆ ನಾವು ಒಂದೊಂದಾಗಿ ಟೈಪ್ ಮಾಡುವ ಆಜ್ಞೆಗಳನ್ನೇ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟದ್ದು. ಐದು ಸಾಲು, ಹತ್ತು ಸಾಲು, ಹೆಚ್ಚೆಂದರೆ ಐವತ್ತು. ಇದನ್ನು ಬರೆಯುವುದಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಡ. ಹೇಳಿದರೆ ಕಾಲೇಜಿನವರಿಗೆ ಬೇಸರ ಆಗಬಹುದು, ಆದರೂ ಬೇಡ. ನನಗೆ ಮೊದಲ ಸ್ಕ್ರಿಪ್ಟ್ ಹೇಳಿಕೊಟ್ಟವರು ಬಿಕಾಂ ಓದಿ ಅಕೌಂಟ್ಸ್ ವಿಭಾಗದಲ್ಲಿದ್ದವರು. ಲೆಡ್ಜರ್ ತಾಳೆ ನೋಡುವ ಅಭ್ಯಾಸ ಇದ್ದದ್ದರಿಂದ ಅವರಿಗೆ ಯಂತ್ರದ ದಾಖಲೆ ಪುಸ್ತಕವಾದ ಲಾಗ್ ಓದುವುದು ಸಲೀಸಾಗಿತ್ತು.

ಬಾಗಿಲು ತಟ್ಟುವವರ ಲೆಕ್ಕ

ಹೊಸ ಸರ್ವರ್ ಒಂದನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟು ಒಂದು ರಾತ್ರಿ ಸುಮ್ಮನಿದ್ದು ನೋಡಿ. ಬೆಳಿಗ್ಗೆ ಅದರ ಲಾಗ್ ಕಡತ ತೆರೆದರೆ, ರಾತ್ರಿಯಿಡೀ ಯಾರುಯಾರೋ ಬಂದು ಬಾಗಿಲು ತಟ್ಟಿ ಹೋದದ್ದು ಸಾಲುಸಾಲಾಗಿ ದಾಖಲಾಗಿರುತ್ತದೆ. ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್, ಉಬುಂಟು ಎಂದು ಹೆಸರು ಬದಲಿಸುತ್ತ, ಒಂದರ ಮೇಲೊಂದು ಪಾಸ್‌ವರ್ಡ್ ಹಾಕಿ ನೋಡಿರುತ್ತಾರೆ. ಇವರಾರೂ ನಿಮ್ಮ ಮೇಲೆ ಕಣ್ಣಿಟ್ಟು ಬಂದವರಲ್ಲ. ಲೋಕದ ಎಲ್ಲ ವಿಳಾಸಗಳನ್ನೂ ತಡಕಾಡುವ ಯಂತ್ರಗಳು ಅವು. ಮಾವಿನ ಮರಕ್ಕೆ ಕಲ್ಲು ಎಸೆಯುವ ಮಕ್ಕಳಂತೆ, ಬಿದ್ದರೆ ಬಿತ್ತು.

ಹೀಗೆ ತಟ್ಟುವುದು ದೂರದಿಂದ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಎಂಬ ಬಾಗಿಲನ್ನು. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೊನೆನ್ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿದ್ದರಿಂದ ರೋಸಿ ಹೋಗಿ ಕಟ್ಟಿದ್ದು ಇದು. ಅದರ ಪೋರ್ಟ್ ಸಂಖ್ಯೆ 22. ಪಕ್ಕದ 21 ಮತ್ತು 23, ಎಫ್‌ಟಿಪಿ ಮತ್ತು ಟೆಲ್ನೆಟ್‌ಗೆ ಸೇರಿದ್ದವು; ನಡುವಿನ ಖಾಲಿ ಜಾಗ ಇವರಿಗೆ ಸಿಕ್ಕಿತು.

ಸರಿ, ಲಾಗ್‌ನಲ್ಲಿ ಸಾವಿರಾರು ಸಾಲುಗಳಿವೆ. ಯಾರು ಎಷ್ಟು ಸಲ ತಟ್ಟಿದರು ಎಂದು ತಿಳಿಯಬೇಕು. ನಮ್ಮ ಬಿಕಾಂ ಗುರುಗಳು ಮಾಡಿ ತೋರಿಸಿದ್ದು ಒಂದೇ ಸಾಲಿನ ಉಪಾಯ. ಮೊದಲು ಗ್ರೆಪ್ ಎಂಬ ಆಜ್ಞೆ: "ಪಾಸ್‌ವರ್ಡ್ ವಿಫಲ" ಎಂಬರ್ಥದ ಪದಗಳಿರುವ ಸಾಲುಗಳನ್ನಷ್ಟೇ ಆರಿಸುತ್ತದೆ. ಅದರ ಫಲ ಪೈಪ್ ಎಂಬ ಲಂಬ ಗೆರೆಯ ಮೂಲಕ ಆಕ್ ಎಂಬ ಇನ್ನೊಂದು ಆಜ್ಞೆಗೆ ಹರಿಯುತ್ತದೆ. ಆಕ್ ಪ್ರತಿ ಸಾಲಿನಿಂದ ತಟ್ಟಿದವರ ವಿಳಾಸವನ್ನು ಮಾತ್ರ ಕಿತ್ತು ಕೊಡುತ್ತದೆ. ಅದನ್ನು ಸಾರ್ಟ್ ಅನುಕ್ರಮವಾಗಿ ಜೋಡಿಸುತ್ತದೆ, ಯೂನಿಕ್ ಒಂದೇ ವಿಳಾಸದ ಸಾಲುಗಳನ್ನು ಒಟ್ಟುಗೂಡಿಸಿ ಎಣಿಸುತ್ತದೆ, ಮತ್ತೊಮ್ಮೆ ಸಾರ್ಟ್ ಬಂದು ಹೆಚ್ಚು ತಟ್ಟಿದವರನ್ನು ಮೇಲಕ್ಕೆ ತರುತ್ತದೆ. ಐದು ಆಜ್ಞೆ, ನಾಲ್ಕು ಪೈಪು, ಕಣ್ಣುಮಿಟುಕಿಸುವುದರೊಳಗೆ ಉತ್ತರ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ, ಎರಡರಲ್ಲೂ ನಾನು ಎಡವಿದ್ದೇನೆ. ವಿಳಾಸ ಸಾಲಿನಲ್ಲಿ ಎಷ್ಟನೆಯ ಪದ? ನಾನು ಎಡದಿಂದ ಎಣಿಸಿದೆ. ಇಲ್ಲದ ಹೆಸರಿನಲ್ಲಿ ಒಳಬರಲು ನೋಡಿದಾಗ ಲಾಗ್ ಸಾಲಿನ ನಡುವೆ ಎರಡು ಪದ ಹೆಚ್ಚಿಗೆ ಸೇರಿಕೊಳ್ಳುತ್ತವೆ, ನನ್ನ ಎಣಿಕೆ ತಪ್ಪಿ ಹೋಯಿತು. ಗುರುಗಳು ಬಲದಿಂದ ಎಣಿಸಿದರು: ಕೊನೆಯಿಂದ ನಾಲ್ಕನೆಯ ಪದ. ಬಾಲ ಬದಲಾಗುವುದಿಲ್ಲ. ಎರಡನೆಯದು ಯೂನಿಕ್‌ನ ಸ್ವಭಾವ. ಅದು ಅಕ್ಕಪಕ್ಕದಲ್ಲಿರುವ ಒಂದೇ ತೆರನ ಸಾಲುಗಳನ್ನು ಮಾತ್ರ ಒಂದಾಗಿಸುತ್ತದೆ. ದೂರದಲ್ಲಿರುವ ನೆಂಟರ ಗುರುತು ಅದಕ್ಕಿಲ್ಲ. ಮೊದಲು ಸಾರ್ಟ್ ಮಾಡದೆ ಎಣಿಸಿದರೆ ಬರುವುದು ಸುಳ್ಳು ಲೆಕ್ಕ, ಅದೂ ನಿಜದಂತೆ ಕಾಣುವ ಸುಳ್ಳು.

ಪೈಪ್ ಜೋಡಿಸುವ ಈ ಉಪಾಯ ಬೆಲ್ ಪ್ರಯೋಗಾಲಯದಿಂದ ಬಂದದ್ದು. ಒಂದು ಪ್ರೋಗ್ರಾಮಿನ ಉತ್ತರವನ್ನು ಇನ್ನೊಂದರ ಬಾಯಿಗೆ ನೀರಿನ ಕೊಳವೆಯಂತೆ ಜೋಡಿಸಬೇಕೆಂಬ ಹಟ ಡಗ್ ಮೆಕಿಲ್‌ರಾಯ್ ಅವರದು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ಸೇರಿಸಿದರು. ಗ್ರೆಪ್ ಕೂಡ ಥಾಂಪ್ಸನ್‌ರದೇ. ಆಕ್ ಎಂಬುದು ಆಹೋ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರ ಹೆಸರಿನ ಮೊದಲಕ್ಷರಗಳು. ಅರ್ಧ ಶತಮಾನ ಕಳೆದರೂ ಈ ಒನಕೆ ಒರಳು ಹಾಗೆಯೇ ನಡೆಯುತ್ತಿವೆ. ಈ ನಡುವೆ ಬಂದು ಹೋದ ಮಿರುಗುವ ಸಾಫ್ಟ್‌ವೇರ್‌ಗಳ ಹೆಸರು ನನಗೇ ಮರೆತಿದೆ.

ಮನೆಯವನಿಗೇ ಬೀಗ

ಲೆಕ್ಕ ತಿಳಿದ ಮೇಲೆ ತಟ್ಟುವವರನ್ನು ತಡೆಯಬೇಕಲ್ಲ. ಅದಕ್ಕೆ ಫೇಲ್2ಬ್ಯಾನ್ ಎಂಬ ಕಾವಲುಗಾರನಿದ್ದಾನೆ. ಹತ್ತು ನಿಮಿಷದೊಳಗೆ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದ ವಿಳಾಸವನ್ನು ಹತ್ತು ನಿಮಿಷ ಹೊರಗಿಡುವುದು ಅದರ ಹುಟ್ಟುಗುಣ. ನನಗೆ ಹತ್ತು ನಿಮಿಷ ತೀರಾ ಮೃದು ಎನಿಸಿತು. ಒಂದು ದಿನಕ್ಕೆ ಏರಿಸಿದೆ.

ಒಂದು ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಒಬ್ಬರು ರಜೆ ಮುಗಿಸಿ ಬಂದು, ಬದಲಾದ ಪಾಸ್‌ವರ್ಡ್ ಮರೆತು, ಹಳೆಯದನ್ನೇ ಐದು ಸಲ ಒತ್ತಿದರು. ಹೊರಗಿನ ಸರ್ವರ್ ಕಣ್ಣಿಗೆ ಇಡೀ ಕಟ್ಟಡಕ್ಕೆ ಒಂದೇ ವಿಳಾಸ, ಹಾಸ್ಟೆಲಿನ ನೂರು ಜನರಿಗೆ ಒಂದೇ ಅಂಚೆಪೆಟ್ಟಿಗೆ ಇದ್ದ ಹಾಗೆ. ಕಾವಲುಗಾರ ತನ್ನ ಧರ್ಮ ಪಾಲಿಸಿದ. ಕಟ್ಟಡದಲ್ಲಿದ್ದ ಎಲ್ಲರೂ ಒಂದು ದಿನದ ಮಟ್ಟಿಗೆ ಹೊರಗೆ, ನಾನೂ ಸೇರಿ. ಕೊನೆಗೆ ಮೊಬೈಲಿನ ಡೇಟಾ ಆನ್ ಮಾಡಿ, ಮೆಟ್ಟಿಲ ಮೇಲೆ ಕೂತು, ಬೇರೆ ವಿಳಾಸದಿಂದ ಒಳಗೆ ಹೋಗಿ ಬೀಗ ತೆಗೆದೆ. ಅಂದಿನಿಂದ ನಮ್ಮದೇ ವಿಳಾಸವನ್ನು ವಿನಾಯಿತಿ ಪಟ್ಟಿಯಲ್ಲಿ ಇಡದೆ ಯಾವ ಕಾವಲೂ ಕೂರಿಸುವುದಿಲ್ಲ. ಅದಕ್ಕಿಂತ ಒಳ್ಳೆಯ ದಾರಿ ಪಾಸ್‌ವರ್ಡ್ ಪದ್ಧತಿಯನ್ನೇ ಮುಚ್ಚಿ ಎಸ್‌ಎಸ್‌ಎಚ್ ಕೀಲಿಕಡತಗಳಿಂದ ಮಾತ್ರ ಒಳಬಿಡುವುದು. ಆಗ ತಟ್ಟುವವರು ವರ್ಷವಿಡೀ ತಟ್ಟುತ್ತಿರಲಿ.

ಇನ್ನೊಂದು ತಪ್ಪು ಗಡಿಯಾರದ್ದು. ಬಾಡಿಗೆಯ ಕ್ಲೌಡ್ ಯಂತ್ರದಲ್ಲಿ ರಾತ್ರಿ ಎರಡಕ್ಕೆ ಬ್ಯಾಕಪ್ ಆಗಲಿ ಎಂದು ಕ್ರಾನ್ ಪಟ್ಟಿಯಲ್ಲಿ ಬರೆದೆ. ಯಂತ್ರ ನಡೆಯುತ್ತಿದ್ದದ್ದು ಯುಟಿಸಿ ಎಂಬ ವಿಶ್ವಸಮಯದಲ್ಲಿ. ಅದರ ಎರಡು ಗಂಟೆಯೆಂದರೆ ನಮ್ಮ ಬೆಳಿಗ್ಗೆ ಏಳೂವರೆ, ಕೆಲಸ ಶುರುವಾಗುವ ಹೊತ್ತು. "ಎಂತದು ಮಾರಾಯ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ಸ್ಲೋ?" ಎಂಬ ಫೋನು ಎರಡು ವಾರ ಬಂದ ಮೇಲೆ ನನ್ನ ತಲೆಗೆ ಹೊಳೆಯಿತು.

ಗಡಿಯಾರ ಸಣ್ಣ ವಿಷಯವಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ ನಮಗೆ ಬೇಕಾದ ಮೂರು ಮಾತುಗಳಿವೆ: ಯಂತ್ರಗಳ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಡಿ, ಸೈಬರ್ ದಾಳಿ ಗೊತ್ತಾದ ಆರು ಗಂಟೆಯೊಳಗೆ ತಿಳಿಸಿ, ಲಾಗ್‌ಗಳನ್ನು 180 ದಿನ ಉಳಿಸಿ. ಮೂರನೆಯದನ್ನು ಓದಿ ಎಲ್ಲರೂ ತಲೆಯಾಡಿಸುತ್ತಾರೆ. ಡೆಬಿಯನ್ ಬಗೆಯ ಲಿನಕ್ಸ್‌ನಲ್ಲಿ ಹಳೆಯ ಲಾಗ್‌ಗಳನ್ನು ಸುತ್ತಿಟ್ಟು ಎಸೆಯುವ ಲಾಗ್‌ರೊಟೇಟ್ ಎಂಬ ಆಳು ತಾನಾಗಿ ಉಳಿಸುವುದು ನಾಲ್ಕು ವಾರದ್ದು ಮಾತ್ರ. ಆ ನಾಲ್ಕನ್ನು ಇಪ್ಪತ್ತಾರು ಎಂದು ಬದಲಿಸಿದರೆ 182 ದಿನ ಆಗುತ್ತದೆ. ಒಂದು ಅಂಕಿಯ ಕೆಲಸ. ಅದನ್ನು ಮಾಡದವರಿಗೆ ಐದನೆಯ ವಾರ ಪೊಲೀಸರು ಬಂದು ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಕಾರ್ಕಳದಲ್ಲಿ ಗುಡುಗಿದರೆ

ಬೆಂಗಳೂರಿನ ಗೆಳೆಯರು ಸೈಬರ್ ಭದ್ರತೆ ಎಂದರೆ ಹ್ಯಾಕರ್‌ಗಳ ಮಾತಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಸರ್ವರ್‌ಗಳ ದೊಡ್ಡ ವೈರಿ ಆಕಾಶದಲ್ಲಿದೆ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಬದಿ ಕಪ್ಪಾಗುತ್ತದೆ. ಕಾರ್ಕಳದ ಗೆಳೆಯ ಫೋನು ಮಾಡಿ "ಇಲ್ಲಿ ಶುರುವಾಯ್ತು" ಎಂದರೆ ನಮಗೆ ಸ್ವಲ್ಪ ಹೊತ್ತಿನ ಪುರಸೊತ್ತು ಇದೆ ಎಂದರ್ಥ. ಮನೆಗಳಲ್ಲಿ ಅಮ್ಮಂದಿರು ಟಿವಿ, ಮೋಡೆಮ್‌ಗಳ ಪ್ಲಗ್ ಕಿತ್ತಿಡುತ್ತಾರೆ. ಆಸ್ಪತ್ರೆಯ ಸರ್ವರ್ ಪ್ಲಗ್ ಹಾಗೆ ಕೀಳುವುದಕ್ಕಾಗುವುದಿಲ್ಲ.

ನಾನು ಬರೆದ ಸ್ಕ್ರಿಪ್ಟ್‌ಗಳಲ್ಲೆಲ್ಲ ನನಗೆ ಅಭಿಮಾನ ಇರುವುದು ಒಂದರ ಮೇಲೆ, ಅದು ಗುಡುಗಿನದು. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಮುಕ್ತ ತಂತ್ರಾಂಶ ಯುಪಿಎಸ್ ಜೊತೆ ಮಾತಾಡಬಲ್ಲದು. ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಕೇಳುತ್ತದೆ: ಕರೆಂಟಿನಲ್ಲಿದ್ದೀಯಾ, ಬ್ಯಾಟರಿಯಲ್ಲಿದ್ದೀಯಾ? ಬ್ಯಾಟರಿ ಎಷ್ಟಿದೆ? ಮೊದಲ ಆವೃತ್ತಿ ಕರೆಂಟು ಹೋದ ಕೂಡಲೇ ಯಂತ್ರಗಳನ್ನು ಮುಚ್ಚತೊಡಗಿ ಪೇಚಿಗೆ ಸಿಕ್ಕಿಸಿತು. ನಮ್ಮಲ್ಲಿ ಗಾಳಿ ಬಂದರೆ ಕರೆಂಟು ಹತ್ತು ಸೆಕೆಂಡಿಗೊಮ್ಮೆ ಕಣ್ಣುಮುಚ್ಚಾಲೆ ಆಡುತ್ತದೆ. ಆಮೇಲೆ ಹತ್ತು ಸೆಕೆಂಡು ಬಿಟ್ಟು ಮೂರು ಸಲ ಕೇಳುವಂತೆ ಮಾಡಿದೆ. ಮೂರೂ ಸಲ "ಬ್ಯಾಟರಿ" ಎಂದರೆ ಮಾತ್ರ ಗಂಭೀರ.

ಮುಚ್ಚುವುದಕ್ಕೂ ಒಂದು ಕ್ರಮವಿದೆ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಎದ್ದ ಮೇಲೆ ಒಲೆ ಆರಿಸುತ್ತಾರೆ, ಮೊದಲೇ ಆರಿಸುವುದಿಲ್ಲ. ಹಾಗೆ ಮೊದಲು ಜನ ಬಳಸುವ ಅಪ್ಲಿಕೇಶನ್, ಆಮೇಲೆ ಡೇಟಾಬೇಸ್, ಆಮೇಲೆ ಕಡತಗಳ ಸಂಗ್ರಹ, ಕೊನೆಗೆ ನೆಟ್‌ವರ್ಕ್. ಡೇಟಾಬೇಸನ್ನು ಬರೆಯುತ್ತಿರುವ ಮಧ್ಯದಲ್ಲಿ ಕೊಂದರೆ ಮರುದಿನದ ದುರಸ್ತಿ ಯಾವ ಹ್ಯಾಕರ್ ದಾಳಿಗೂ ಕಡಿಮೆಯಲ್ಲ. ಕರೆಂಟು ಬಂತೆಂದು ಕೂಡಲೇ ಎಲ್ಲವನ್ನೂ ಎಬ್ಬಿಸುವುದೂ ತಪ್ಪು. ಐದು ನಿಮಿಷದಲ್ಲಿ ಮತ್ತೆ ಹೋಗುತ್ತದೆ, ಬ್ಯಾಟರಿ ಆಗ ತಳ ಹಿಡಿದಿರುತ್ತದೆ. ಬ್ಯಾಟರಿ ಅರ್ಧ ತುಂಬುವವರೆಗೆ ಕಾಯುವುದೆಂದು ಒಂದು ಸಾಲು ಸೇರಿಸಿದೆ. ಈ ಸಾಲು ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಗಲಿಲ್ಲ, ಮೂರು ಮಳೆಗಾಲ ಕಲಿಸಿದ್ದು.

ಮಳೆಗಾಲದಷ್ಟೇ ಸಾಮಾನ್ಯವಾದ ಇನ್ನೊಂದು ಕಾಯಿಲೆ ಡಿಸ್ಕ್ ತುಂಬುವುದು. ಡಿಎಫ್ ಎಂಬ ಆಜ್ಞೆ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ. ಕಡತಗಳನ್ನು ಕೂಡಿಸಿ ಹೇಳುವ ಡಿಯು ಎಂಬ ಆಜ್ಞೆ ಅರ್ಧವೂ ಇಲ್ಲ ಎನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಯಾರೋ ದೊಡ್ಡ ಲಾಗ್ ಕಡತವನ್ನು ಅಳಿಸಿದ್ದಾರೆ, ಅದಕ್ಕೆ ಬರೆಯುತ್ತಿದ್ದ ಪ್ರೋಗ್ರಾಂ ಮಾತ್ರ ಅದನ್ನು ಕೈಬಿಟ್ಟಿಲ್ಲ. ಹೆಸರು ಹೋಗಿದೆ, ದೇಹ ಉಳಿದಿದೆ. ನಮ್ಮೂರಿನ ಭಾಷೆಯಲ್ಲಿ ಕುಲೆ, ಅಂದರೆ ಪ್ರೇತ. ಎಲ್‌ಎಸ್‌ಒಎಫ್ ಎಂಬ ಆಜ್ಞೆಗೆ ಹೇಳಿದರೆ ಇಂತಹ ಕುಲೆಗಳ ಪಟ್ಟಿ ಕೊಡುತ್ತದೆ. ಹಿಡಿದುಕೊಂಡಿರುವ ಪ್ರೋಗ್ರಾಮನ್ನು ಒಮ್ಮೆ ಮರುಚಾಲನೆ ಮಾಡಿದರೆ ಜಾಗ ಖಾಲಿ.

ಬಾರದ ಪಿಗ್ಮಿ

ಅಂಗಡಿಯ ಹೊರಗೆ ನಿಂತು ರಸ್ತೆ ನೋಡಿದ ತಂದೆಯ ಕತೆಗೆ ಮರಳುತ್ತೇನೆ.

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಹೆಸರಾಂತ ಕಂಪನಿಯ ಎಂಜಿನಿಯರ್ ಒಬ್ಬರು ದಣಿದ ಕಣ್ಣಿನಲ್ಲಿ ಅಳಿಸುವ ಆಜ್ಞೆಯನ್ನು ತಪ್ಪು ಸರ್ವರ್ ಮೇಲೆ ಒತ್ತಿದರು. ಎರಡನೆಯ ಯಂತ್ರದ ಮೇಲೆ ನಡೆಸಬೇಕಿದ್ದದ್ದು ಮುಖ್ಯ ಯಂತ್ರದ ಮೇಲೆ ನಡೆಯಿತು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ನಾಲ್ಕೂವರೆ ಜಿಬಿ ಉಳಿದಿತ್ತು. ಬ್ಯಾಕಪ್ ಇತ್ತಲ್ಲ ಎಂದು ನೋಡಿದರೆ, ದಿನಾ ನಡೆಯಬೇಕಿದ್ದ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ಸೋಲುತ್ತಿತ್ತು. ಸೋತದ್ದನ್ನು ಕ್ರಾನ್ ಇಮೇಲ್ ಬರೆದು ತಿಳಿಸುತ್ತಲೂ ಇತ್ತು. ಆ ಇಮೇಲ್‌ಗಳನ್ನು ಸಹಿ ಸರಿಯಿಲ್ಲವೆಂದು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಅಂದರೆ ಪಿಗ್ಮಿಯವರು ದಿನಾ ಬಂದು ಬಾಗಿಲ ಹೊರಗಿಂದಲೇ "ಇವತ್ತೂ ಆಗಲಿಲ್ಲ" ಎಂದು ಕೂಗಿ ಹೋಗುತ್ತಿದ್ದರು, ಒಳಗಿನವರಿಗೆ ಕೇಳಿಸಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟ ಪ್ರತಿ ಇತ್ತು. ಆರು ಗಂಟೆಯ ದತ್ತಾಂಶ ಹೋಯಿತು. ಕಂಪನಿ ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿತು, ಅದಕ್ಕೇ ನಮಗೆ ಗೊತ್ತು. ನಮ್ಮ ಕಡೆ ಹೀಗೆ ಒಪ್ಪಿಕೊಳ್ಳುವ ಕಂಪನಿಯನ್ನು ನಾನಿನ್ನೂ ನೋಡಿಲ್ಲ.

ಆದ್ದರಿಂದ ನನ್ನ ಸ್ಕ್ರಿಪ್ಟ್‌ಗಳು ಸೋತಾಗ ಸುದ್ದಿ ಕಳಿಸುವುದಿಲ್ಲ, ಗೆದ್ದಾಗ ಕಳಿಸುತ್ತವೆ. ಬೆಳಿಗ್ಗೆ ಏಳಕ್ಕೆ ಒಂದು ಸಾಲು: ಬ್ಯಾಕಪ್ ಇಷ್ಟು ಜಿಬಿ, ನಿನ್ನೆಗಿಂತ ಇಷ್ಟು ಹೆಚ್ಚು. ಸಾಲು ಬಾರದಿದ್ದರೆ ನಾನು ರಸ್ತೆ ನೋಡುತ್ತೇನೆ. ಗಾತ್ರ ನಿನ್ನೆಗಿಂತ ದಿಢೀರನೆ ಕಡಿಮೆಯಾದರೂ ನೋಡುತ್ತೇನೆ. ಖಾಲಿ ಚೀಲವನ್ನು ಗಂಟು ಕಟ್ಟಿ ಇಟ್ಟರೂ ಗಂಟು ಗಂಟೇ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ ನೋಡುವ ಕೆಲಸವನ್ನು ಮಾತ್ರ ಯಾವ ಸ್ಕ್ರಿಪ್ಟ್‌ಗೂ ಒಪ್ಪಿಸಿಲ್ಲ, ನಾನೇ ಮಾಡುತ್ತೇನೆ.

ಇದೇ ಲೆಕ್ಕದಲ್ಲಿ ಇನ್ನೊಂದು ದಿನಚರಿ. ಲಿನಕ್ಸ್‌ನಲ್ಲಿ ಕೆಲವು ಕಡತಗಳಿಗೆ, ಯಾರೇ ನಡೆಸಿದರೂ ಯಜಮಾನನ ಅಧಿಕಾರದಲ್ಲಿ ನಡೆಯುವ ವರವಿರುತ್ತದೆ. ಒಳನುಗ್ಗಿದ ಕಳ್ಳ ಇಂಥದ್ದೊಂದನ್ನು ಮೂಲೆಯಲ್ಲಿ ಬಚ್ಚಿಟ್ಟು ಹೋಗುವುದುಂಟು. ಫೈಂಡ್ ಆಜ್ಞೆಯಿಂದ ಅಂಥ ಕಡತಗಳ ಪಟ್ಟಿ ತೆಗೆದು, ನಿನ್ನೆಯ ಪಟ್ಟಿಯ ಜೊತೆ ಡಿಫ್ ಆಜ್ಞೆಯಿಂದ ತಾಳೆ ನೋಡಿದರೆ ಸಾಕು. ಹೊಸ ಹೆಸರು ಬಂದಿದ್ದರೆ ಎದ್ದು ಕಾಣುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಜೀನ್ ಕಿಮ್ ಮತ್ತು ಜೀನ್ ಸ್ಪಾಫರ್ಡ್ ಕಟ್ಟಿದ ಟ್ರಿಪ್‌ವೈರ್ ಎಂಬುದರ ತಿರುಳೂ ಇದೇ: ಇವತ್ತಿನ ಕಡತ ನಿನ್ನೆಯದೇ ಹೌದೇ? ಈಗ ಲಕ್ಷಗಟ್ಟಲೆ ಬೆಲೆಗೆ ಮಾರುವವರು ಇದೇ ಪ್ರಶ್ನೆಗೆ ಬಣ್ಣ ಬಳಿದು ತರುತ್ತಾರೆ. ಭದ್ರತೆಯನ್ನು ಫಿಕ್ಸೆಡ್ ಡಿಪಾಸಿಟ್ ಎಂದು ತಿಳಿದವರು ಅವರಿಂದ ಕೊಳ್ಳುತ್ತಾರೆ, ಒಮ್ಮೆ ಇಟ್ಟು ಮರೆಯುತ್ತಾರೆ. ನನ್ನ ಮಟ್ಟಿಗೆ ಇದು ಪಿಗ್ಮಿ ಖಾತೆ.

ಮಣಿಪಾಲದಲ್ಲಿ ಎಷ್ಟಕ್ಷರ?

ಇಲ್ಲೊಂದು ಕನ್ನಡದ ಮಾತು ಆಡಲೇಬೇಕು, ಲೇಖನದ ದಾರಿ ಸ್ವಲ್ಪ ತಪ್ಪಿದರೂ ಸರಿ. ಲಿನಕ್ಸ್‌ನಲ್ಲಿ ಅಕ್ಷರ ಎಣಿಸುವ ಆಜ್ಞೆ ಡಬ್ಲ್ಯೂಸಿ. ಹೆಸರಿಗೆ ನಗಬೇಡಿ, ಅದು ವರ್ಡ್ ಕೌಂಟ್. "ಮಣಿಪಾಲ" ಎಂಬ ಪದ ಕೊಟ್ಟು ಎಣಿಸು ಎಂದರೆ ನಾಲ್ಕು ಎನ್ನುವುದಿಲ್ಲ, ಆರು ಎನ್ನುತ್ತದೆ. ಗುಡಿಸು, ಇಳಿಗಳನ್ನು ಬೇರೆ ಬೇರೆ ಎಣಿಸುತ್ತದೆ. ಬೈಟ್‌ಗಳಲ್ಲಿ ಎಷ್ಟೆಂದು ಕೇಳಿದರೆ ಹದಿನೆಂಟು. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್. ಈ ಯುಟಿಎಫ್-8ನ್ನು 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತು, ತಟ್ಟೆಯಡಿಯ ಕಾಗದದ ಮೇಲೆ ಗೀಚಿದವರು ರಾಬ್ ಪೈಕ್ ಜೊತೆಗಿದ್ದ ಕೆನ್ ಥಾಂಪ್ಸನ್, ಗ್ರೆಪ್ ಕೊಟ್ಟ ಅದೇ ಥಾಂಪ್ಸನ್. ಹುಡುಕುವ ಆಜ್ಞೆಯನ್ನೂ ಅದರಲ್ಲಿ ಕನ್ನಡ ಹುಡುಕುವಂತಾಗುವ ಸಂಕೇತವನ್ನೂ ಒಬ್ಬನೇ ಕೊಟ್ಟದ್ದು ಕನ್ನಡಿಗರ ಯೋಗ.

ನಮ್ಮ ಪಾಲಿನ ಕೆಲಸ ಮಾಡಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಸರ್ಕಾರ ಒಪ್ಪಿದ ಕನ್ನಡ ಕೀಲಿಮಣೆಗೆ ಬುನಾದಿ. ಅವರ ತಂತ್ರಾಂಶಕ್ಕೆ ಇಟ್ಟ ಹೆಸರು ಸೇಡಿಯಾಪು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ. ಅದನ್ನು ಉಚಿತವಾಗಿ ಹಂಚಿದರು.

ಕೀಲಿಮಣೆ ಸರಿಯಿದ್ದರೂ ಬೆರಳು ಸರಿಯಿರಬೇಕಲ್ಲ. ಒಮ್ಮೆ ಒಂದು ಕಡತರಾಶಿಯಲ್ಲಿ "ಮಂಗಳೂರು" ಎಂದು ಗ್ರೆಪ್ ಮಾಡಿದರೆ ನೂರಾರು ಕಡತ ತಪ್ಪಿಸಿಕೊಂಡವು. ಕಣ್ಣಿಗೆ ಎಲ್ಲವೂ ಮಂಗಳೂರೇ. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿದ್ದರು! ಸೆಡ್ ಎಂಬ ಆಜ್ಞೆಯ ಒಂದು ಸಾಲಿನಲ್ಲಿ, ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿ ಮುಗಿಸಿದೆ. ಅಂಕಿಯ ಬೆನ್ನಿಗೆ ಬಂದ ಸೊನ್ನೆಯನ್ನು ಮುಟ್ಟಬಾರದು, ಮುಟ್ಟಿದರೆ ೧೦ ರೂಪಾಯಿ ಕೆಡುತ್ತದೆ. ಇದು ಬರೀ ಕಾಗುಣಿತದ ಹಟವಲ್ಲ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಎಂಬ ಈ ಬಿರುಕಿನಲ್ಲೇ ಮೋಸದ ಜಾಲತಾಣಗಳ ವಿಳಾಸಗಳು ಅಡಗಿ ಕೂರುವುದು. ನಮ್ಮ "ರ"ಕ್ಕೂ ತೆಲುಗಿನ "ర"ಕ್ಕೂ ಎಷ್ಟು ಅಂತರವಿದೆ, ನೀವೇ ನೋಡಿ.

ಬೇರೆಯವರ ಚೀಟಿ

ಇಷ್ಟೆಲ್ಲ ಹೊಗಳಿದ ಮೇಲೆ ಎಚ್ಚರಿಕೆಯನ್ನೂ ಹೇಳಬೇಕು. ಈಗಿನ ಹುಡುಗರು ಸ್ಕ್ರಿಪ್ಟ್ ಬರೆಯುವುದಿಲ್ಲ, ಎಲ್ಲಿಂದಲೋ ಎತ್ತಿ ಅಂಟಿಸುತ್ತಾರೆ. ಇಂಟರ್‌ನೆಟ್ಟಿನಿಂದ ಇಳಿದದ್ದು ನೇರವಾಗಿ ಯಜಮಾನನ ಅಧಿಕಾರದಲ್ಲಿ ಓಡುವಂತೆ ಒಂದೇ ಪೈಪಿನಲ್ಲಿ ಜೋಡಿಸುತ್ತಾರೆ. ಗುರುತಿಲ್ಲದವನು ಕೊಟ್ಟ ಚೀಟಿ ಓದದೆ ಸಹಿ ಹಾಕಿದಂತೆ ಇದು. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಸ್ಕ್ರಿಪ್ಟ್‌ನಲ್ಲಿ ಒಂದು ದೋಷ ಬಯಲಾಯಿತು. "ಈ ಫೋಲ್ಡರಿನ ಒಳಗಿರುವುದನ್ನೆಲ್ಲ ಅಳಿಸು" ಎಂಬ ಸಾಲಿನಲ್ಲಿ ಫೋಲ್ಡರಿನ ಹೆಸರು ಖಾಲಿಯಾಗಿಬಿಟ್ಟರೆ ಉಳಿಯುವುದು "ಎಲ್ಲವನ್ನೂ ಅಳಿಸು". ಜನರ ಕಡತಗಳು ಹೋದವು. ಆ ಸಾಲಿನ ಮೇಲೆ ಬರೆದವರೇ "ಭಯವಾಗುತ್ತದೆ" ಎಂಬರ್ಥದ ಟಿಪ್ಪಣಿ ಹಾಕಿಟ್ಟಿದ್ದರು ಎಂಬುದು ಇದರ ಒಗ್ಗರಣೆ. ಹೆಸರು ಖಾಲಿಯಿದ್ದರೆ ಅಲ್ಲೇ ನಿಲ್ಲು ಎಂಬ ಆದೇಶವನ್ನು ಆ ಸಾಲಿನಲ್ಲೇ ಬರೆದಿಡಬಹುದು. ಬರೆದದ್ದನ್ನು ಶೆಲ್‌ಚೆಕ್ ಎಂಬ ಉಚಿತ ಪರೀಕ್ಷಕನಿಗೆ ತೋರಿಸಿದರೆ ಇಂತಹ ಗುಂಡಿಗಳನ್ನು ಬೆರಳಿಟ್ಟು ತೋರಿಸುತ್ತದೆ.

ಆಜ್ಞೆಗಳನ್ನು ನಡೆಸುವ ಶೆಲ್‌ನಲ್ಲೇ ತೂತಿದ್ದರೆ? ಅದೂ ಆಗಿದೆ. ಸ್ಟೆಫಾನ್ ಶಾಜೆಲಾಸ್ ಕಂಡುಹಿಡಿದು 2014ರ ಸೆಪ್ಟೆಂಬರಿನಲ್ಲಿ ಬಯಲಾದ ಶೆಲ್‌ಶಾಕ್ ದೋಷ ಬ್ಯಾಶ್ ಶೆಲ್‌ನಲ್ಲಿ ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 2024ರ ಮಾರ್ಚ್ 29ರಂದು ಬಯಲಾದದ್ದು ಇನ್ನೂ ಘೋರ. ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ಸಣ್ಣ ತಂತ್ರಾಂಶದೊಳಗೆ, ವರ್ಷಗಟ್ಟಲೆ ನಂಬಿಕೆ ಗಳಿಸಿಕೊಂಡ ಒಬ್ಬ ಅನಾಮಿಕ ಹಿಂಬಾಗಿಲು ಕೊರೆದಿದ್ದ. ಅದನ್ನು ಹಿಡಿದದ್ದು ಕೋಟಿ ಬೆಲೆಯ ಭದ್ರತಾ ವ್ಯವಸ್ಥೆಯಲ್ಲ, ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅವರು ತಲೆ ಕೆರೆದುಕೊಂಡರು. ದಿನಾ ನೋಡುವವರಿಗೆ ಮಾತ್ರ ಅರ್ಧ ಸೆಕೆಂಡು ಕಾಣುತ್ತದೆ.

ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಿದ್ಯಾರ್ಥಿಗಳ ಕ್ರಿಪ್ಟೋನೈಟ್ ತಂಡ ಇಂಥ ತೂತುಗಳನ್ನು ಹುಡುಕುವ ಆಟದಲ್ಲಿ ತೊಡಗಿದೆ. ಧ್ವಜ ಹಿಡಿಯುವ ಸ್ಪರ್ಧೆ ಎಂದು ಅದರ ಹೆಸರು. ನೈಟ್‌ಸಿಟಿಎಫ್ ಎಂಬ ತಮ್ಮದೇ ಸ್ಪರ್ಧೆಯನ್ನೂ ನಡೆಸುತ್ತಾರೆ. ಆಟಕ್ಕೆಂದು ಕಟ್ಟಿದ ಯಂತ್ರಗಳ ಮೇಲೆ ಆಡಿದರೆ ವಿದ್ಯೆ. ಅದೇ ಆಜ್ಞೆಯನ್ನು ಪಕ್ಕದ ಕಚೇರಿಯ ಸರ್ವರ್ ಮೇಲೆ, ಕೇಳದೆ, ಸುಮ್ಮನೆ ಕುತೂಹಲಕ್ಕೆ ಓಡಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಕಲಮುಗಳು ಎದುರಾಗಬಹುದು: ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕತ್ತಿ ಒಂದೇ, ಹಲಸು ಕೊಯ್ಯುವುದೂ ಅದರಲ್ಲೇ.

ಕೀಲಿ ಹಸ್ತಾಂತರ

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರ ಬೆಳಗಿನ ಜಾವ, ಕೃಷ್ಣಮಠದ ಪರ್ಯಾಯ ಪೀಠವೇರುವ ಯತಿಗಳು ನಮ್ಮ ಕಾಪುವಿನ ಬಳಿಯ ದಂಡತೀರ್ಥದಲ್ಲಿ ಮಿಂದು ಬರುತ್ತಾರೆ. ನಿರ್ಗಮಿಸುವ ಯತಿಗಳು ಅವರ ಕೈಗೆ ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈ ಒಪ್ಪಿಸುತ್ತಾರೆ. ಮೊದಲು ಎರಡು ತಿಂಗಳಿಗೊಮ್ಮೆ ಇದ್ದದ್ದನ್ನು ಎರಡು ವರ್ಷಕ್ಕೊಮ್ಮೆ ಮಾಡಿದವರು ವಾದಿರಾಜರು. ಶತಮಾನಗಳಿಂದ ಈ ಹಸ್ತಾಂತರ ತಪ್ಪಿಲ್ಲ. ಊರೆಲ್ಲ ನೋಡುತ್ತಿರುವಾಗ, ಯಾರ ಕೈಯಿಂದ ಯಾರ ಕೈಗೆ ಎಂಬುದು ಸ್ಪಷ್ಟವಾಗಿ ನಡೆಯುತ್ತದೆ.

ನಮ್ಮ ಸರ್ವರ್ ಕೋಣೆಗಳಲ್ಲಿ ಕೀಲಿ ಕೊಡುವ ಸಮಾರಂಭ ಇದೆ, ವಾಪಸು ಪಡೆಯುವುದಿಲ್ಲ. ಎಸ್‌ಎಸ್‌ಎಚ್ ಕೀಲಿಗಳ ಪಟ್ಟಿ ಪ್ರತಿ ಬಳಕೆದಾರನ ಕಡತಕೋಶದಲ್ಲಿ ಅಡಗಿರುತ್ತದೆ. ಎಲ್ಲರ ಪಟ್ಟಿಯನ್ನೂ ಒಟ್ಟು ಮಾಡಿ, ಯಾವ ಕೀಲಿ ಯಾರದು, ಕೊನೆಯ ಸಲ ಯಾವಾಗ ಬಳಕೆಯಾಯಿತು ಎಂದು ತೋರಿಸುವ ಹದಿನೈದು ಸಾಲಿನ ಸ್ಕ್ರಿಪ್ಟ್ ಬರೆದು ಮೊದಲ ಸಲ ಓಡಿಸಿದ ದಿನ, ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ದುಬೈಗೆ ಹೋದವರ ಕೀಲಿಗಳೂ ಇನ್ನೂ ಬಾಗಿಲು ತೆರೆಯುತ್ತಿದ್ದದ್ದು ಗೊತ್ತಾಯಿತು. ಅವರು ಕೆಟ್ಟವರಲ್ಲ. ಆದರೆ ಅವರ ಲ್ಯಾಪ್‌ಟಾಪ್ ಈಗ ಯಾರ ಕೈಯಲ್ಲಿದೆಯೋ ಬಲ್ಲವರಾರು? ಆ ಸ್ಕ್ರಿಪ್ಟ್ ಈಗ ತಿಂಗಳ ಒಂದನೇ ತಾರೀಕಿಗೆ ತಾನಾಗಿ ನಡೆಯುತ್ತದೆ. ಹಾಗೇನಾದರೂ ಯಾರಾದರೂ ನುಗ್ಗಿದ್ದೇ ಖಚಿತವಾದರೆ ಯಂತ್ರವನ್ನು ಆರಿಸಿ ಸಾಕ್ಷ್ಯ ಕಳೆಯಬೇಡಿ. ನೆಟ್‌ವರ್ಕ್ ತಂತಿ ಬಿಡಿಸಿ, ಲಾಗ್‌ಗಳ ಪ್ರತಿ ಬೇರೆ ಕಡೆ ತೆಗೆದಿಟ್ಟು, ಸರ್ಟ್-ಇನ್‌ಗೂ ಉಡುಪಿಯ ಸೈಬರ್ ಪೊಲೀಸ್ ಠಾಣೆಗೂ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಫೋನು ಮಾಡಿ.

ಕೀಲಿಗಿಂತ ಕಷ್ಟದ್ದು ತಿಳಿವಳಿಕೆಯ ಹಸ್ತಾಂತರ. ನಮ್ಮ ಬಿಕಾಂ ಗುರುಗಳು ನಿವೃತ್ತರಾದ ಮೇಲೆ ಅವರ ಕ್ರಾನ್ ಪಟ್ಟಿಯಲ್ಲಿ ಇಪ್ಪತ್ತಮೂರು ಸಾಲು ಸಿಕ್ಕಿದವು. ಹತ್ತೊಂಬತ್ತು ಅರ್ಥವಾದವು. ಮೂರನ್ನು ಫೋನು ಮಾಡಿ ಕೇಳಿಕೊಂಡೆ. ಒಂದರ ಬಗ್ಗೆ ಅವರಿಗೂ ನೆನಪಿರಲಿಲ್ಲ. ಅದನ್ನು ನಿಲ್ಲಿಸುವ ಧೈರ್ಯ ನನಗೂ ಬಂದಿಲ್ಲ, ಪ್ರತಿ ಗುರುವಾರ ರಾತ್ರಿ ಮೂರೂಕಾಲಕ್ಕೆ ಅದು ನಡೆಯುತ್ತಲೇ ಇದೆ. ಸ್ಕ್ರಿಪ್ಟಿನಲ್ಲೂ ಕ್ರಾನ್ ಪಟ್ಟಿಯಲ್ಲೂ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗಾಗಿ ಇರುವ ಜಾಗ. ಅಲ್ಲಿ ಕನ್ನಡದಲ್ಲೂ ಬರೆಯಬಹುದು. ಟರ್ಮಿನಲ್ ಪರದೆಯಲ್ಲಿ ಒತ್ತಕ್ಷರ ಒಡೆದು ಕಂಡರೂ ಕಡತದಲ್ಲಿ ಸರಿಯಾಗಿಯೇ ಉಳಿಯುತ್ತದೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥ ಕೆಲಸದಲ್ಲಿದ್ದರೆ, ನಾಳೆ ಕಚೇರಿಗೆ ಹೋಗಿ ಕ್ರಾನ್ ಪಟ್ಟಿ ತೆರೆಯಿರಿ, ಪ್ರತಿ ಸಾಲಿನ ಮೇಲೂ ಅದು ಯಾಕಿದೆ, ಯಾವತ್ತು ಸೇರಿಸಿದ್ದು, ನಿಲ್ಲಿಸಿದರೆ ಏನು ಕೆಡುತ್ತದೆ ಎಂದು ಬರೆದಿಡಿ.